ಬೆಕ್ಕು ‘ಓಡಿ ಹೋದಳು’ ಎಂದರೆ ಏನಾಯಿತು?

ಮುಂಬಯಿ ಬಳಿಯ ಡೊಂಬಿವಲಿಯ ಹಿರಿಯ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಮುಖ್ಯ ಭಾಗ ಹೀಗಿದೆ:

‘ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು ನಾನು. ಒಂದು ಪೈಸೆ ಹೆಚ್ಚುಕಡಿಮೆಯಾದರೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಇನ್ನು ಹಾಯಾಗಿರೋಣ ಎಂದುಕೊಂಡಿದ್ದೆ, ಆಗಲಿಲ್ಲ. ಮನೆ ಓರಣವಾಗಿಲ್ಲವೆಂದು ಯಾರನ್ನೂ ಕರೆಯುವುದಿಲ್ಲ. ಸ್ವರ ಮೊದಲಿನಂತೆ ಶ್ರುತಿಗೆ ಸೇರುವುದಿಲ್ಲವೆಂದು ಶನಿವಾರದ ಭಜನೆ ಬಿಟ್ಟೆ. ಏಳು ವರ್ಷದ ಮೊಮ್ಮಗಳು ಒಂದು ದಿನ ಓಡಿ ಬಂದು, “ಅಜ್ಜೀ, ಬೆಕ್ಕು ಓಡಿ ಹೋದಳು” ಎಂದಳು. “ಹೋದಳು ಅಲ್ಲ, ಹೋಯಿತು” ಎಂದೆ. ಹೀಗೆ ತಿದ್ದಿ ತಿದ್ದಿ ಈಗ ಅವಳು ನನ್ನೊಡನೆ ಹಿಂದಿಯಲ್ಲೇ ಮಾತನಾಡುತ್ತಾಳೆ. ಎಲ್ಲವೂ ಸರಿಯಾಗಿರಬೇಕೆಂಬ ಹಟ ಬಿಡು ಎಂದು ಮಗ ಹೇಳುತ್ತಾನೆ. ಹಟ ಬಿಟ್ಟರೆ ಸೋಮಾರಿತನ ಒಳಗೆ ಬಾರದೇ? ತಾವೇನು ಹೇಳುತ್ತೀರಿ? ಪತ್ರದಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ.’

ಅಮ್ಮಾ, ಮಗ ಹೇಳಿದ್ದು ಸರಿ. ಆದರೂ ಮೊದಲು ನಿಮ್ಮ ಪರವಾಗಿ ಒಂದು ಮಾತು. ಪರರ ದುಡ್ಡಿನ ಲೆಕ್ಕ ಬರೆಯುವವರಿಗೆ ಪೈಸೆಯ ಚಿಂತೆ ಇರಲೇಬೇಕು. ಲೋಕಲ್ ರೈಲಿನ ಮೋಟರ್‌ಮನ್ ಸಿಗ್ನಲನ್ನು ಸುಮಾರಾಗಿ ನೋಡಿದರೆ ಸಾಲದು, ದಾದಿ ಔಷಧಿಯನ್ನು ಕಣ್ಣಂದಾಜಿನಲ್ಲಿ ಕೊಡಬಾರದು. ಅದರಲ್ಲಿ ಎರಡು ಮಾತಿಲ್ಲ. ನೀವು ಅಷ್ಟು ವರ್ಷ ನಿಷ್ಠೆಯಿಂದ ಮಾಡಿದ ಕೆಲಸಕ್ಕೆ ನನ್ನ ನಮಸ್ಕಾರ. ಆದರೆ ಆ ಲೆಕ್ಕದ ಪುಸ್ತಕವನ್ನು ಕಚೇರಿಯಲ್ಲೇ ಬಿಟ್ಟು ಬರಬೇಕಿತ್ತು. ನೀವು ಅದನ್ನು ಮನೆಗೆ ತಂದು, ಅಡುಗೆಮನೆಯ ಮೇಲೂ ಭಜನೆಯ ಮೇಲೂ ಕೊನೆಗೆ ಏಳು ವರ್ಷದ ಮಗುವಿನ ಮೇಲೂ ಬರೆಯತೊಡಗಿದಿರಿ.

ಸೋಮಾರಿತನದ ಭಯ ನಿಮಗೆ ಬೇಡವೇ ಬೇಡ. ಸೋಮಾರಿ ಮನೆ ಗುಡಿಸುವುದಿಲ್ಲ. ನೀವು ಗುಡಿಸಿ, ಒರೆಸಿ, ದಿಂಬಿನ ಹೊದಿಕೆ ಬದಲಿಸಿ, ಅಷ್ಟಾದರೂ ಯಾರನ್ನೂ ಕರೆಯುವುದಿಲ್ಲ. ದುಡಿಮೆಯೆಲ್ಲ ನಿಮ್ಮದು, ಅದರ ಸುಖ ಮಾತ್ರ ಯಾರಿಗೂ ಇಲ್ಲ.

ಪಾಲ್ ಹೀವಿಟ್ ಮತ್ತು ಗಾರ್ಡನ್ ಫ್ಲೆಟ್ ಎಂಬ ಕೆನಡಾದ ಇಬ್ಬರು ಮನಶ್ಶಾಸ್ತ್ರಜ್ಞರು 1991ರಲ್ಲಿ ಈ ಹಟವನ್ನು ಮೂರು ಬಗೆಯಾಗಿ ವಿಂಗಡಿಸಿದರು. ತನ್ನಿಂದ ಕುಂದಿಲ್ಲದ್ದನ್ನೇ ಬಯಸುವುದು ಒಂದು. ಬೇರೆಯವರಿಂದ ಬಯಸುವುದು ಇನ್ನೊಂದು. ಬೇರೆಯವರು ನಮ್ಮಿಂದ ಅಂಥದ್ದನ್ನೇ ಬಯಸುತ್ತಾರೆ ಎಂದು ನಂಬಿ ಕುಗ್ಗುವುದು ಮೂರನೆಯದು. ನಿಮ್ಮ ಒಂದು ಪುಟದ ಪತ್ರದಲ್ಲಿ ಮೂರೂ ಇವೆ. ಭಜನೆ ಬಿಟ್ಟದ್ದು ಮೊದಲನೆಯದು, ಮೊಮ್ಮಗಳನ್ನು ತಿದ್ದಿದ್ದು ಎರಡನೆಯದು, ಬಾಗಿಲು ಹಾಕಿಕೊಂಡದ್ದು ಮೂರನೆಯದು. ಬ್ರಿಟನ್ನಿನ ಥಾಮಸ್ ಕರನ್ ಮತ್ತು ಆಂಡ್ರ್ಯೂ ಹಿಲ್ 1989ರಿಂದ 2016ರವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ, ಅಮೆರಿಕ, ಕೆನಡಾ, ಬ್ರಿಟನ್ನುಗಳ 40,000ಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳ ಉತ್ತರಗಳನ್ನು ಹೋಲಿಸಿದರು. ಮೂರೂ ಬಗೆ ಏರಿದ್ದವು. ಎಲ್ಲಕ್ಕಿಂತ ಹೆಚ್ಚು ಏರಿದ್ದು ಮೂರನೆಯದು, ಶೇಕಡ 33ರಷ್ಟು. ನೋಡುವವರ ಕಣ್ಣಿನ ಹೆದರಿಕೆಯೇ ಎಲ್ಲಕ್ಕಿಂತ ವೇಗವಾಗಿ ಬೆಳೆಯುತ್ತಿದೆ.

ಮುಂಬಯಿಯಲ್ಲಿ ಕುಳಿತವರಿಗೆ ಇದು ಹೊಸ ಸುದ್ದಿಯೇ ಅಲ್ಲ. ಗಿರ್ಗಾಂವ್, ಪರೇಲ್, ಲಾಲ್‌ಬಾಗ್‌ಗಳ ಚಾಳುಗಳಲ್ಲಿ ಬೆಳೆದ ನಮ್ಮ ಹಿರಿಯರನ್ನು ಕೇಳಿ. ಒಂದೇ ಕೋಣೆ, ಎದುರಿಗೆ ಎಲ್ಲರಿಗೂ ಸೇರಿದ ಮೊಗಸಾಲೆ, ಹಗಲಿಡೀ ತೆರೆದ ಬಾಗಿಲು. ಹಗ್ಗದ ಮೇಲೆ ಒದ್ದೆ ಬಟ್ಟೆ, ಮಂಚದ ಕೆಳಗೆ ಅಕ್ಕಿ ಡಬ್ಬ, ಮೂಲೆಯಲ್ಲಿ ಊರಿನಿಂದ ಬಂದ ನೆಂಟನ ಟ್ರಂಕು. ಪಕ್ಕದ ಮನೆಯವರು ಒಳಗೆ ಬರುವಾಗ ಯಾರೂ ಎದ್ದು ಬಟ್ಟೆ ಮಡಚುತ್ತಿರಲಿಲ್ಲ, ಸ್ವಲ್ಪ ಸರಿದು ಕುಳಿತು ಜಾಗ ಕೊಡುತ್ತಿದ್ದರು. ಈಗ ಎರಡು ಬೆಡ್‌ರೂಮಿನ ಫ್ಲ್ಯಾಟ್ ಇದೆ. ಕೆಳಗೆ ಕಾವಲುಗಾರ ಇಂಟರ್‌ಕಾಮ್‌ನಲ್ಲಿ ಕೇಳಿ ಬಂದವರನ್ನು ಬಿಡುತ್ತಾನೆ. ಆ ನಾಲ್ಕು ನಿಮಿಷದಲ್ಲಿ ಮನೆಯೊಡತಿ ಹಾಲಿನ ತುಂಬ ಓಡಾಡಿ ಬೆವರುತ್ತಾಳೆ. ಜಾಗ ಹೆಚ್ಚಾದಷ್ಟೂ ಅತಿಥಿಗಳು ಕಡಿಮೆಯಾದರು. ನನಗೆ ಇದು ನಿಜವಾದ ದುಃಖ.

ಇನ್ನು ಭಜನೆ. ತಾಳಮಾನದ ಲೆಕ್ಕ ನನಗೆ ತಿಳಿಯದು, ಒಲಿದಂತೆ ಹಾಡುತ್ತೇನೆ ಎಂದು ಬಸವಣ್ಣನವರು ತಮ್ಮ ದೇವರ ಮುಂದೆ ಹೇಳಿಕೊಂಡು ಎಂಟು ಶತಮಾನಕ್ಕೂ ಮೇಲಾಯಿತು. ಡೊಂಬಿವಲಿಯ ಶನಿವಾರದ ಭಜನೆಗೆ ಅದಕ್ಕಿಂತ ಕಠಿಣವಾದ ಪರೀಕ್ಷೆ ಯಾಕೆ ಬೇಕು? ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬಂದು ನಡೆಸುವ ತಾಳಮದ್ದಳೆಯನ್ನು ನೀವೂ ಕೇಳಿರುತ್ತೀರಿ. ವೇಷ, ಕುಣಿತಗಳಿಲ್ಲದೆ ಕುಳಿತು ಹಾಡು, ಮಾತುಗಳಲ್ಲೇ ನಡೆಸುವ ಯಕ್ಷಗಾನ ಅದು. ಹಾಡುವ ಭಾಗವತರ ಕೈಯಲ್ಲಿರುವ ಪ್ರಸಂಗದಲ್ಲಿ ಪದ್ಯಗಳು ಮಾತ್ರ ಇರುತ್ತವೆ. ಪಾತ್ರವಾಗಿ ಮಾತನಾಡುವ ಅರ್ಥಧಾರಿಯ ಮಾತು ಎಲ್ಲೂ ಬರೆದಿಟ್ಟಿರುವುದಿಲ್ಲ. ಕೃಷ್ಣನಾದವನು ಏನು ಕೇಳುತ್ತಾನೋ ಕೌರವನಾದವನಿಗೆ ಗೊತ್ತಿರುವುದಿಲ್ಲ. ಹೊಳೆದದ್ದನ್ನು ಆ ಕ್ಷಣ ಆಡಬೇಕು, ಆಡಿದ್ದು ಮುಗಿಯಿತು, ತಿದ್ದಿ ಇನ್ನೊಮ್ಮೆ ಹೇಳಲು ಅವಕಾಶವಿಲ್ಲ. ಒಂದು ಮಾತು ಜಾರಿದರೆ ಎದುರಿನವನು ಅದನ್ನೇ ಹಿಡಿದು ಪ್ರಶ್ನೆ ಮಾಡುತ್ತಾನೆ, ಸಭೆಗೆ ಆಗಲೇ ರಸ ಹತ್ತುವುದು. ದೊಡ್ಡ ಅರ್ಥಧಾರಿಗಳ ವಿದ್ವತ್ತು ಸಣ್ಣದಲ್ಲ, ವರ್ಷಗಟ್ಟಲೆ ಓದಿದವರು ಅವರು. ಆದರೂ ಪೂರ್ತಿ ಸಿದ್ಧನಾದ ಮೇಲೆಯೇ ಬಾಯಿ ತೆರೆಯುತ್ತೇನೆ ಎಂದು ಅವರಲ್ಲಿ ಯಾರಾದರೂ ಕುಳಿತಿದ್ದರೆ ನಮಗೆ ಈ ಕಲೆಯೇ ಉಳಿಯುತ್ತಿರಲಿಲ್ಲ.

ಆದರೆ ನಿಮ್ಮ ಪತ್ರವನ್ನು ನಾನು ಆರಿಸಿಕೊಂಡದ್ದು ಮೊಮ್ಮಗಳಿಗಾಗಿ. ಬೆಕ್ಕು ಓಡಿ ಹೋದದ್ದನ್ನು ಕಂಡು ಆ ಮಗು ಮೊದಲು ನಿಮ್ಮ ಬಳಿಗೆ ಬಂದಿತ್ತು, ಅದೂ ಕನ್ನಡದಲ್ಲಿ. ಸುತ್ತ ಶಾಲೆಯಲ್ಲಿ ಇಂಗ್ಲಿಷ್, ಮೈದಾನದಲ್ಲಿ ಹಿಂದಿ, ಅಂಗಡಿಯಲ್ಲಿ ಮರಾಠಿ. ಇವೆಲ್ಲವನ್ನೂ ದಾಟಿ ಅಜ್ಜಿಯ ಭಾಷೆಯನ್ನು ಬಾಯಿಗೆ ತಂದುಕೊಂಡ ಮಗುವಿಗೆ ಸಿಕ್ಕಿದ್ದು ಕ್ರಿಯಾಪದದ ಪಾಠ. ಬೆಕ್ಕು ಯಾವ ಕಡೆ ಹೋಯಿತು, ಯಾರ ಬೆಕ್ಕು, ಬಣ್ಣ ಏನು ಎಂದು ಯಾರೂ ಕೇಳಲಿಲ್ಲ. ನೀವು “ಹೌದಾ? ಎತ್ತ ಓಡಿ ಹೋಯಿತು?” ಎಂದು ಕೇಳಿದ್ದರೆ ಸರಿಯಾದ ರೂಪ ಅವಳ ಕಿವಿಗೆ ತಾನಾಗಿ ಬೀಳುತ್ತಿತ್ತು, ಮಾತೂ ಮುಂದುವರಿಯುತ್ತಿತ್ತು. ನಿಮ್ಮನ್ನು ನೋಯಿಸಲು ಇದನ್ನು ಹೇಳುತ್ತಿಲ್ಲ. ನಿಮ್ಮಷ್ಟು ಪ್ರೀತಿಯ ಅಜ್ಜಿಯೂ ಹೀಗೆ ಮಾಡುತ್ತಾರಲ್ಲ ಎಂಬ ಸಂಕಟದಿಂದ ಹೇಳುತ್ತಿದ್ದೇನೆ.

ಮಕ್ಕಳ ವೈದ್ಯರೂ ಮನೋವಿಶ್ಲೇಷಕರೂ ಆಗಿದ್ದ ಬ್ರಿಟನ್ನಿನ ಡೊನಾಲ್ಡ್ ವಿನಿಕಾಟ್ 1953ರ ಒಂದು ಬರಹದಲ್ಲಿ, ಮಗುವಿಗೆ ಕುಂದೇ ಇಲ್ಲದ ತಾಯಿ ಬೇಡ, ತಕ್ಕಮಟ್ಟಿಗೆ ಒಳ್ಳೆಯ ತಾಯಿ ಸಾಕು ಎಂಬ ವಿಚಾರವನ್ನು ಮುಂದಿಟ್ಟರು. ಮೊದಮೊದಲು ಮಗುವಿನ ಬೇಡಿಕೆಗೆ ಪೂರ್ತಿ ಒದಗಿ, ಬರಬರುತ್ತ ಸ್ವಲ್ಪ ಸ್ವಲ್ಪ ಕಡಿಮೆ ಮಾಡುವವಳು ಅವಳು. ಆ ಕೊರತೆಯನ್ನು ತಾಳಿಕೊಳ್ಳುತ್ತಲೇ ಮಗು ಬೆಳೆಯುತ್ತದೆ. ತಾಯಿಗೆ ಇಷ್ಟು ರಿಯಾಯಿತಿ ಇರುವಾಗ ಮಗುವಿಗೇಕೆ ಇರಬಾರದು?

ಈ ನಗರದಲ್ಲಿ ಕನ್ನಡವನ್ನು ಕಟ್ಟಿದವರು ಯಾರು ಎಂದು ನೆನಪು ಮಾಡಿಕೊಳ್ಳೋಣ. ಮನೆಯಲ್ಲಿ ತುಳು, ಕೊಂಕಣಿ ಆಡುತ್ತಿದ್ದವರು, ಹಗಲಿಡೀ ಹೋಟೆಲುಗಳಲ್ಲಿ ಲೋಟ ತೊಳೆದು ರಾತ್ರಿ ಫೋರ್ಟ್ ಕಡೆಯ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಹುಡುಗರು. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಲ್ಲಿ. ಇಂಥ ಸಂಸ್ಥೆಗಳ ಸಭೆಗಳಲ್ಲಿ ಉಡುಪಿ, ಧಾರವಾಡ, ಕಾರವಾರದ ಕನ್ನಡಗಳು ಒಟ್ಟಿಗೆ ಕೇಳಿಬಂದವು. ಯಾರ ಕನ್ನಡ ಶುದ್ಧ ಎಂದು ಮೊದಲು ತೀರ್ಮಾನ ಮಾಡಲು ಹೊರಟಿದ್ದರೆ ಒಂದು ನಾಟಕವೂ ಆಡುತ್ತಿರಲಿಲ್ಲ, ಒಂದು ಪತ್ರಿಕೆಯೂ ಹೊರಡುತ್ತಿರಲಿಲ್ಲ.

ಇಂದು ಪಾಲಿಕೆಯ ಕನ್ನಡ ಶಾಲೆಗಳು ಕಡಿಮೆಯಾಗುತ್ತಿರುವುದಕ್ಕೆ ನಾವು ಸರಕಾರವನ್ನು ದೂರುತ್ತೇವೆ, ದೂರಬೇಕಾದ್ದೇ. ಆದರೆ ನಮ್ಮ ಸಂಘಗಳ ಮಕ್ಕಳ ಭಾಷಣ ಸ್ಪರ್ಧೆಗಳಲ್ಲಿ ನಡೆಯುವುದೇನು? ತಂದೆ ಬರೆದುಕೊಟ್ಟದ್ದನ್ನು ಮಗು ಬಾಯಿಪಾಠ ಮಾಡಿ ಒಪ್ಪಿಸುತ್ತದೆ. ಎದುರಿನ ಸಾಲಿನಲ್ಲಿ ಹತ್ತಾರು ಮೊಬೈಲುಗಳು ಚಿತ್ರೀಕರಿಸುತ್ತಿರುತ್ತವೆ. ನಡುವೆ ಒಂದು ಸಾಲು ಮರೆತರೆ ಮಗು ಅಳುತ್ತದೆ, ಅಂಕ ಹೋಗುತ್ತದೆ, ಮುಂದಿನ ವರ್ಷ ಅದು ವೇದಿಕೆಗೆ ಬರುವುದಿಲ್ಲ. ತೀರ್ಪುಗಾರರು ‘ಹ’ಕಾರ, ‘ಅ’ಕಾರ ಎಣಿಸುವುದನ್ನು ನಾನು ಸಂಘದಿಂದ ಸಂಘಕ್ಕೆ ನೋಡುತ್ತ ಬಂದಿದ್ದೇನೆ. ಮಗು ತನ್ನ ಮನಸ್ಸಿನದನ್ನು ಹೇಳಿತೇ ಎಂದು ಗಮನಿಸಿದವರು ವಿರಳ. ದೊಡ್ಡವರ ಕಥೆಯೂ ಅದೇ. ಎಷ್ಟೋ ಓದುಗರು ಫೋನ್ ಮಾಡಿ, ಏನೋ ಬರೆದಿದ್ದೇನೆ, ಇನ್ನೂ ಸರಿಯಾಗಿಲ್ಲ, ಆಮೇಲೆ ಕಳುಹಿಸುತ್ತೇನೆ ಎನ್ನುತ್ತಾರೆ. ಹೆಚ್ಚಿನವರ ಬರಹ ನಮಗೆ ತಲುಪುವುದೇ ಇಲ್ಲ. ಹಾಗೆ ಕಪಾಟಿನಲ್ಲಿ ಉಳಿದ ಮುಂಬಯಿಯ ನೆನಪುಗಳನ್ನು ಮುಂದೆ ಯಾರು ಓದುತ್ತಾರೆ?

ತಿದ್ದಿಕೊಳ್ಳಿ ಎಂದಿದ್ದಿರಿ. ನಿಮ್ಮ ಪತ್ರದಲ್ಲಿ ನಾನು ಒಂದಕ್ಷರವನ್ನೂ ತಿದ್ದಿಲ್ಲ. ಈ ಶನಿವಾರ ಭಜನೆಗೆ ಹೋಗಿ, ಹಿಂದಿನ ಸಾಲಿನಲ್ಲಾದರೂ ಕುಳಿತು ಹಾಡಿ. ಮುಂದಿನ ವಾರ ಪಕ್ಕದ ಮನೆಯವರನ್ನು ಚಹಾಕ್ಕೆ ಕರೆಯಿರಿ, ದಿಂಬಿನ ಹೊದಿಕೆ ಹಳೆಯದೇ ಇರಲಿ. ಮೊಮ್ಮಗಳಿಗೆ ಇನ್ನೊಂದು ಸುದ್ದಿ ಹೇಳಿ. ಈ ಸಲದ ರಾಜ್ಯೋತ್ಸವ ಸಂಚಿಕೆಯಲ್ಲಿ ಹನ್ನೆರಡು ವರ್ಷದೊಳಗಿನ ಮಕ್ಕಳ ಬರಹಗಳಿಗೆ ಪುಟಗಳನ್ನು ಮೀಸಲಿಟ್ಟಿದ್ದೇವೆ. ಬಹುಮಾನವಿಲ್ಲ, ತೀರ್ಪುಗಾರರಿಲ್ಲ, ವಿಷಯ ಯಾವುದೂ ಆಗಬಹುದು. ಅಕ್ಟೋಬರ್ 10ರೊಳಗೆ ನಮ್ಮ ಕೈಸೇರಲಿ. ಅಪ್ಪ ಅಮ್ಮಂದಿರು, ಅಜ್ಜ ಅಜ್ಜಿಯರು ತಿದ್ದಿ ಪ್ರತಿ ಮಾಡಿ ಕಳುಹಿಸುವುದು ಬೇಡ, ಮಗುವಿನ ಕೈಬರಹದ ಹಾಳೆಯೇ ಬರಲಿ.

— ಸಂಪಾದಕ