ಜರ್ಮನಿಯಿಂದ ಬೈಕ್ ಜಾಕೆಟ್ ತರಿಸಿದರೆ ತೆರಿಗೆ ಎಷ್ಟು? ನಮ್ಮ ಸಂಬಂಧಿಕರೊಬ್ಬರು ಅಲ್ಲಿದ್ದಾರೆ, ಅವರು ಗಿಫ್ಟ್ ಅಂತ ಕಳಿಸಿದರೆ ಉಳಿಯುತ್ತದಾ?

ಉಳಿಯಲ್ಲ. ಗಿಫ್ಟ್ ಅಂತ ಮಾತ್ರ ಬರೆಸಬೇಡಿ.

ನಿಮ್ಮ ಪ್ರಶ್ನೆ ಓದಿದಾಗ 2022ರಲ್ಲಿ ನಾನೇ ಬರೆದದ್ದೇನೋ ಅನ್ನಿಸಿತು. ಅದೇ ಜರ್ಮನಿ, ಅದೇ ‘ನಮ್ಮ ಸಂಬಂಧಿಕರೊಬ್ಬರು ಅಲ್ಲಿದ್ದಾರೆ’. ನನ್ನ ಅತ್ತೆ ಮಗ ಸ್ಟುಟ್‌ಗಾರ್ಟ್‌ನಲ್ಲಿದ್ದಾನೆ. ನನಗೆ ಬೇಕಿದ್ದ ಟೂರಿಂಗ್ ಜಾಕೆಟ್ ಅಲ್ಲಿ 357 ಯೂರೋ. ಆಗ ಯೂರೋಗೆ 82 ರೂಪಾಯಿ ಆಸುಪಾಸು, ಅಂದರೆ 29 ಸಾವಿರ ಚಿಲ್ಲರೆ. ಬೆಂಗಳೂರಿನ ಅಂಗಡಿಯಲ್ಲಿ ಅದಕ್ಕೇ 46 ಸಾವಿರ ಹೇಳಿದ್ದರು. 17 ಸಾವಿರ ಉಳೀತು ಅಂತ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಅತ್ತೆ ಮಗನಿಗೆ ಫೋನ್ ಮಾಡಿದೆ. “ಭಾವ, ನಾನೇ ತಗೊಂಡು ಕೊರಿಯರ್ ಮಾಡ್ತೀನಿ ಬಿಡಿ. ಏನಂತ ಬರೀಲಿ?” ಅಂದ. ಇಲ್ಲೇ ನಾನು ಎಡವಿದ್ದು. “ಗಿಫ್ಟ್, ಹಳೆ ಬಟ್ಟೆ, 40 ಯೂರೋ ಅಂತ ಬರೆದುಬಿಡು. ಯಾರು ನೋಡ್ತಾರೆ” ಅಂದೆ. ಹೇಳಿಕೊಟ್ಟದ್ದು ನಾನೇ. ಪಾಪ, ಅವನದೇನೂ ತಪ್ಪಿಲ್ಲ.

ಇಲ್ಲ, ಅವನದೂ ಒಂದಿದೆ. ವಾರಂಟಿಗೆ ಬೇಕಾಗುತ್ತೆ ಅಂತ ಅಂಗಡಿಯ ಬಿಲ್ಲನ್ನು ಮಡಚಿ ಜಾಕೆಟ್‌ನ ಒಳಜೇಬಿನಲ್ಲೇ ಇಟ್ಟಿದ್ದ. ಬೆಲೆಯ ಚೀಟಿ ತೋಳಿನಲ್ಲಿ ನೇತಾಡುತ್ತಲೇ ಇತ್ತು. ಹೊರಗೆ ‘ಹಳೆ ಬಟ್ಟೆ, 40’, ಒಳಗೆ ‘357’.

ಕಸ್ಟಮ್ಸ್‌ನಲ್ಲಿ ಪೊಟ್ಟಣ ಬಿಚ್ಚಿದರು. ಕೊರಿಯರ್‌ನವರಿಂದ ಮೇಲ್ ಬಂತು: ಆಧಾರ್ ಕೊಡಿ, ಹಣ ಕಟ್ಟಿದ ದಾಖಲೆ ಕೊಡಿ, ಬೆಲೆ ಯಾಕೆ ಹೀಗೆ ಅಂತ ವಿವರಣೆ ಕೊಡಿ. ಹಣ ಕಟ್ಟಿದವನು ಅತ್ತೆ ಮಗ, ಬಿಲ್ ಅವನ ಹೆಸರಲ್ಲಿ, ಪೊಟ್ಟಣ ನನ್ನ ಹೆಸರಲ್ಲಿ. ಹದಿನೆಂಟು ದಿನ ಪತ್ರ ಬರೆದೇ ಬರೆದೆ.

ಈ ಗಿಫ್ಟ್ ಅನ್ನೋದರ ಕಥೆ ಸ್ವಲ್ಪ ಹೇಳಲೇಬೇಕು. ಮೊದಲು 5,000 ರೂಪಾಯಿ ತನಕದ ಗಿಫ್ಟ್‌ಗೆ ವಿನಾಯಿತಿ ಇತ್ತು. ಡಿಸೆಂಬರ್ 2019ರಲ್ಲಿ ಅದನ್ನು ತೆಗೆದರು. ಆಮೇಲೆ ಉಳಿದದ್ದು ಜೀವ ಉಳಿಸುವ ಔಷಧಿ ಮತ್ತು ರಾಖಿ, ಅಷ್ಟೇ. ನನ್ನ ತಲೆಯಲ್ಲಿ ಮಾತ್ರ ಹಳೇ ಕಾಲದ ಮಾತು ಹಾಗೇ ಕೂತಿತ್ತು. ನಿಮ್ಮ ತಲೆಯಲ್ಲೂ ಅದೇ ಇದೆ, ಅಲ್ವಾ?

ಇನ್ನು ಲೆಕ್ಕ. ತೆರಿಗೆ ಬರೀ ಜಾಕೆಟ್‌ನ ಬೆಲೆ ಮೇಲಲ್ಲ, ಸಾಗಣೆ ಖರ್ಚು ಸೇರಿಸಿ ಹಾಕುತ್ತಾರೆ. 357ಕ್ಕೆ ಕೊರಿಯರ್‌ನ 48 ಸೇರಿ 405 ಯೂರೋ, ಅಂದರೆ 33,210 ರೂಪಾಯಿ. ಅದರ ಮೇಲೆ ನನಗೆ ಬಿದ್ದದ್ದು ಶೇಕಡಾ 35 ಕಸ್ಟಮ್ಸ್ ಸುಂಕ. ಆ ಸುಂಕದ ಮೇಲೆ ಶೇಕಡಾ 10 ಸಮಾಜ ಕಲ್ಯಾಣ ಸರ್ಚಾರ್ಜ್. ಆ 33,210, ಸುಂಕ, ಸರ್ಚಾರ್ಜ್ ಈ ಮೂರನ್ನೂ ಕೂಡಿ, ಬಂದ ಮೊತ್ತದ ಮೇಲೆ ಆಮದು ಮಾಲಿಗೆ ಹಾಕುವ ಜಿಎಸ್‌ಟಿ, ಅಂದರೆ ಶೇಕಡಾ 28 ಐಜಿಎಸ್‌ಟಿ. ತೆರಿಗೆಗೂ ತೆರಿಗೆ! ಎಲ್ಲ ಸೇರಿ ಶೇಕಡಾ 77.28. ರೂಪಾಯಿಯಲ್ಲಿ 25,600ರ ಮೇಲೆ. ಸುಳ್ಳು ಬೆಲೆ ಬರೆದದ್ದಕ್ಕೆ 5,000 ದಂಡ ಬೇರೆ. ಪೊಟ್ಟಣ ಕೂತಿದ್ದಷ್ಟು ದಿನದ ಗೋದಾಮಿನ ಬಾಡಿಗೆ, ಕೊರಿಯರ್‌ನವರ ಸೇವಾಶುಲ್ಕ, ಅದಕ್ಕೂ ಒಂದು ಜಿಎಸ್‌ಟಿ. ಕೊನೆಗೆ 46 ಸಾವಿರದ ಜಾಕೆಟ್ ನನಗೆ 66 ಸಾವಿರಕ್ಕೆ ಬಂತು. ಮನೆಯಲ್ಲಿ ಇವತ್ತಿಗೂ 30 ಅಂತಲೇ ಹೇಳಿದ್ದೇನೆ.

ಆದರೆ ನನಗೆ ಜಾಸ್ತಿ ಉರಿದದ್ದು ದಂಡಕ್ಕಲ್ಲ. ಆ 357ರಲ್ಲಿ 57 ಯೂರೋ ಜರ್ಮನಿಯ ವ್ಯಾಟ್. ಅಲ್ಲಿ ಶೇಕಡಾ 19, ಬೆಲೆಯೊಳಗೇ ಸೇರಿರುತ್ತದೆ. ಯುರೋಪಿನ ಒಕ್ಕೂಟದ ಆಚೆಗೆ ಮಾಲು ಕಳಿಸುವ ಎಷ್ಟೋ ಅಂಗಡಿಗಳು ಅದನ್ನು ತೆಗೆದು 300ಕ್ಕೇ ಬಿಲ್ ಮಾಡುತ್ತವೆ. ಅತ್ತೆ ಮಗ ಅಲ್ಲೇ ಇರುವವನು, ಅಲ್ಲೇ ಕೊಂಡ. ಹಾಗಾಗಿ ಪೂರ್ತಿ ತೆರಿಗೆ ಕಟ್ಟಿದ. ಆ ತೆರಿಗೆ ಸೇರಿದ ಬೆಲೆಯ ಮೇಲೆ ನಾನು ಇಲ್ಲಿ ಮತ್ತೆ ತೆರಿಗೆ ಕಟ್ಟಿದೆ. ಎರಡು ಸರ್ಕಾರಕ್ಕೂ ಮುಯ್ಯಿ ಮಾಡಿದ ಹಾಗಾಯಿತು.

ಹಾಗಾದರೆ ಅಂಗಡಿಯಿಂದ ನೇರ ತರಿಸಿದ್ದರೆ? ಅದನ್ನೂ ಆಮೇಲೆ ಕೂತು ಲೆಕ್ಕ ಹಾಕಿದೆ. 300ಕ್ಕೆ ಸಾಗಣೆ 30, ಅದೇ ದರದ ತೆರಿಗೆ, ಒಟ್ಟು 48 ಸಾವಿರದ ಹತ್ತಿರ. ಬೆಂಗಳೂರಿನ ಅಂಗಡಿಗಿಂತ ಎರಡು ಸಾವಿರ ಜಾಸ್ತಿ! ಆ ಅಂಗಡಿಯವರು ನನ್ನನ್ನು ಸುಲಿಯುತ್ತಿದ್ದಾರೆ ಅಂತ ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ದರಗಳು ಆಮೇಲೆ ಬದಲಾಗಿವೆ. ಜಿಎಸ್‌ಟಿಯ 28ರ ಹಂತವನ್ನೇ ಸೆಪ್ಟೆಂಬರ್ 2025ರಲ್ಲಿ ಹೆಚ್ಚುಕಡಿಮೆ ತೆಗೆದುಹಾಕಿದರು. ಹಾಗಾಗಿ ನನ್ನ 77ನ್ನು ಹಿಡಿದುಕೊಂಡು ಕೂರಬೇಡಿ. ದುಡ್ಡು ಕಟ್ಟುವ ದಿನದ ದರ ನೋಡಿ. ಲೆಕ್ಕ ಹಾಕುವ ರೀತಿ ಮಾತ್ರ ಅದೇ: ಬೆಲೆ, ಸಾಗಣೆ, ಸುಂಕ, ಸರ್ಚಾರ್ಜ್ ಇದ್ದರೆ ಅದು, ಎಲ್ಲದರ ಮೇಲೆ ಐಜಿಎಸ್‌ಟಿ.

ನೀವು ‘ಎಷ್ಟು ತೆರಿಗೆ’ ಅಂತ ಕೇಳಿದಿರಿ. ಜಾಕೆಟ್ ಮೈಗೆ ಸರಿಯಾಗದಿದ್ದರೆ ಏನು ಮಾಡ್ತೀರಿ ಅಂತ ನಾನು ಕೇಳ್ತೀನಿ. ನನ್ನದು ಭುಜದಲ್ಲಿ ಬಿಗಿ. ಮೊಣಕೈ ಪ್ಯಾಡ್ ಮೊಣಕೈ ಬಿಟ್ಟು ಮುಂಗೈ ಕಡೆ ಜಾರುತ್ತದೆ. ಬಿದ್ದರೆ ಅದು ಇದ್ದೂ ಇಲ್ಲದ ಹಾಗೆ. ವಾಪಸ್ ಕಳಿಸಿ ಸುಂಕ ಮರಳಿ ಪಡೆಯಲು ಡ್ರಾಬ್ಯಾಕ್ ಅಂತ ಒಂದು ದಾರಿ ಇದೆ, ನಿಜ. ಬಳಸದ ಮಾಲಾದರೆ ಶೇಕಡಾ 98ರ ತನಕ ಸಿಗುತ್ತದೆ. ಬಳಸಿದ ಉಡುಪಿಗೆ ಸಿಗಲ್ಲ. ನಾನು ಅದನ್ನು ತೊಟ್ಟು ಆಗಲೇ ಹಿರಿಯೂರಿನ ತನಕ ಹೋಗಿ ಬಂದಿದ್ದೆ. ಏಪ್ರಿಲ್ ತಿಂಗಳು. ಆಲ್ಪ್ಸ್ ಚಳಿಗೆ ಹೊಲಿದ ಜಾಕೆಟ್. ಶಿರಾ ಟೋಲ್ ದಾಟುವಷ್ಟರಲ್ಲಿ ಒಳಗೆ ಇಡ್ಲಿ ಬೇಯುತ್ತಿತ್ತು.

ಅದಕ್ಕೇ ಹೇಳೋದು, ತರಿಸಲೇಬೇಡಿ. ಇಲ್ಲೇ ಬೆಂಗಳೂರಿನ ವಯಾಟೆರಾ, ಮುಂಬೈನ ರೈನಾಕ್ಸ್ ನಮ್ಮ ಬಿಸಿಲು ನೋಡಿ ಗಾಳಿಯಾಡುವ ಮೆಶ್ (ಜಾಲರಿ) ಜಾಕೆಟ್ ಮಾಡುತ್ತಾರೆ. ಅಂಗಡಿಗೆ ಹೋಗಿ ತೊಟ್ಟು, ಬೈಕ್ ಮೇಲೆ ಕೂತ ಹಾಗೆ ಕೈ ಚಾಚಿ ನೋಡಿ. ಹೆಸರು ನೋಡುವ ಮೊದಲು ಒಳಗಿನ ಲೇಬಲ್‌ನಲ್ಲಿ ಇಎನ್, ಅಂದರೆ ಯುರೋಪಿನ ಸುರಕ್ಷತಾ ಮಾನದಂಡದ ಸಂಖ್ಯೆ ನೋಡಿ. ಇಎನ್ 17092 ಅಂದರೆ ಜಾಕೆಟ್‌ದು, ಅದರಲ್ಲಿ ಎ, ಎಎ, ಎಎಎ ಅಂತ ದರ್ಜೆ, ಎ ಹೆಚ್ಚಾದಷ್ಟೂ ರಕ್ಷಣೆ ಹೆಚ್ಚು. ಇಎನ್ 1621 ಅಂದರೆ ಪ್ಯಾಡ್‌ದು, ಲೆವೆಲ್ 2 ಇದ್ದರೆ ಒಳ್ಳೆಯದು. ಹೆಲ್ಮೆಟ್ ತರಿಸುವ ಯೋಚನೆ ಇದ್ದರೆ ಅದನ್ನೂ ಬಿಡಿ. ಜೂನ್ 2021ರಿಂದ ಇಲ್ಲಿ ಐಎಸ್‌ಐ ಗುರುತು ಕಡ್ಡಾಯ.

ಇಷ್ಟಾದರೂ ಅದೇ ಬೇಕು ಅನ್ನುವುದಾದರೆ, ನಿಮ್ಮ ಸಂಬಂಧಿಕರು ಊರಿಗೆ ಯಾವಾಗ ಬರ್ತಾರೆ ಅಂತ ಮೊದಲು ಕೇಳಿ. ನಾನು ತರಿಸಿದ 2022ರಲ್ಲಿ ವಿದೇಶದಿಂದ ಬರುವ ಭಾರತೀಯರು 50,000 ರೂಪಾಯಿ ತನಕದ ಸಾಮಾನನ್ನು ಸುಂಕವಿಲ್ಲದೆ ಲಗೇಜ್‌ನಲ್ಲಿ ತರಬಹುದಿತ್ತು. ನನ್ನ ಪೊಟ್ಟಣ ಬಿಡಿಸಿಕೊಂಡು ಒಂದೂವರೆ ತಿಂಗಳಿಗೆ ಅತ್ತೆ ಮಗ ತಂಗಿಯ ಮದುವೆಗೆ ಬಂದ. ಕರೆದುಕೊಂಡು ಬರಲು ಏರ್‌ಪೋರ್ಟಿಗೆ ಹೋಗಿದ್ದೆ. ಸೂಟ್‌ಕೇಸ್ ಎತ್ತಿದರೆ ಹಗುರ. “ಬರೋವಾಗ ಖಾಲಿನೇ ಭಾವ, ಹೋಗೋವಾಗ ಉಪ್ಪಿನಕಾಯಿ, ಹಪ್ಪಳ ತುಂಬ್ಕೋಬೇಕಲ್ಲ” ಅಂದ.