ಮೊದಲು ಸಿಂಕ್, ಆಮೇಲೆ ಬಣ್ಣ

ಪ್ರಶ್ನೆ: ಮನೆಯಲ್ಲಿ ಯೂರೋರ‍್ಯಾಕ್ ಸಿಂತಸೈಜರ್ (ಬಿಡಿ ಮಾಡ್ಯೂಲ್‌ಗಳನ್ನು ವೈರಿನಿಂದ ಜೋಡಿಸಿ ಸದ್ದು ಹುಟ್ಟಿಸುವ ವಾದ್ಯ) ಇಟ್ಟುಕೊಂಡು ಸಂಗೀತ ಮಾಡುತ್ತೇನೆ. ಈಗ ಅದೇ ಥರ ಟಿವಿಯಲ್ಲಿ ಚಿತ್ರ ಹುಟ್ಟಿಸುವ ವಿಡಿಯೊ ಮಾಡ್ಯೂಲ್‌ಗಳ ಹುಚ್ಚು ಹಿಡಿದಿದೆ. ಇರುವ, ಅಲೆ ಹುಟ್ಟಿಸುವ ಆಸಿಲೇಟರನ್ನೇ ಟಿವಿಗೆ ಕೊಟ್ಟರೆ ನಡೆಯುತ್ತದಾ ಸಾರ್? ಮೊದಲು ಏನು ಕೊಳ್ಳಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ನೇರವಾಗಿ ಕೊಟ್ಟರೆ ಟಿವಿಗೆ ತಲೆಬುಡ ಗೊತ್ತಾಗುವುದಿಲ್ಲ. ಗೆರೆ ಎಲ್ಲಿ ಶುರುವಾಯಿತು, ಚಿತ್ರ ಎಲ್ಲಿ ಮುಗಿಯಿತು ಅಂತ ಅದಕ್ಕೆ ಯಾರಾದರೂ ಹೇಳಬೇಕಲ್ವಾ? ಅದು ಸಿಂಕ್‌ನ ಕೆಲಸ. ಹಾಗಾಗಿ ಮೊದಲ ದುಡ್ಡು ಸಿಂಕ್ ಜನರೇಟರ್‌ಗೆ, ಮಾಡ್ಯೂಲ್‌ಗಳ ಸಿಗ್ನಲ್ಲನ್ನು ಟಿವಿಗೆ ತಿಳಿಯುವ ಹಾಗೆ ಮಾಡುವ ಎನ್‌ಕೋಡರ್‌ಗೆ ಹೋಗಲಿ. ನಾನು ಉಲ್ಟಾ ಮಾಡಿದೆ. ಚೆನ್ನಾಗಿ ಕಂಡಿತು ಅಂತ ಬಣ್ಣ ಬೆರೆಸುವ ಎರಡು ಮಾಡ್ಯೂಲ್ ತರಿಸಿಬಿಟ್ಟೆ. ಟಿವಿಗೆ ಜೋಡಿಸುವ ದಾರಿಯೇ ಇಲ್ಲ. ನಾಲ್ಕು ತಿಂಗಳು ಅದರ ಪುಟ್ಟ ದೀಪ ಮಿನುಗಿದ್ದೇ ಬಂತು. ಹೆಂಡತಿ ಅದಕ್ಕೆ ‘ದುಬಾರಿ ಸೀರಿಯಲ್ ಸೆಟ್’ ಅಂತ ಹೆಸರಿಟ್ಟಳು.

ನಿಮ್ಮ ಆಸಿಲೇಟರ್ ದಂಡವಲ್ಲ. ಆದರೆ ಆಡಿಯೊ ಕಡೆ ಅಲೆ ಸಾಮಾನ್ಯವಾಗಿ –5ರಿಂದ +5 ವೋಲ್ಟ್. ಎಲ್‌ಝಡ್‌ಎಕ್ಸ್ ಕಂಪನಿಯ ಥರದ ವಿಡಿಯೊ ಮಾಡ್ಯೂಲ್‌ಗಳಲ್ಲಿ 0 ಅಂದರೆ ಕಪ್ಪು, 1 ವೋಲ್ಟ್ ಅಂದರೆ ಬಿಳಿ, ಅಷ್ಟೇ. ಸುಮ್ನೆ ಹಾಗೇ ಚುಚ್ಚಿದರೆ ನಡುವಿನ ಬೂದು ಬಣ್ಣ ಹೆಚ್ಚುಕಮ್ಮಿ ಮಾಯ. ಅಲೆಯನ್ನು ಹತ್ತನೇ ಒಂದಕ್ಕೆ ತಗ್ಗಿಸಿ, ಅರ್ಧ ವೋಲ್ಟ್ ಮೇಲೆತ್ತಿ ಕೊಡಿ.

ಈಗ ಆಸಿಲೇಟರ್‌ನ ನಾಬನ್ನು 50 ಹರ್ಟ್ಸ್ ಹತ್ತಿರ ತನ್ನಿ. ನಮ್ಮ ಪಾಲ್ ಅನ್ನುವ ಅನಲಾಗ್ ಟಿವಿ ಪದ್ಧತಿಯಲ್ಲಿ ಪರದೆ ಸೆಕೆಂಡಿಗೆ 50 ಸಲ ಮೇಲಿಂದ ಕೆಳಕ್ಕೆ ತುಂಬುತ್ತದೆ. ಸರಿಯಾಗಿ 50 ಆದರೆ ಒಂದು ಅಡ್ಡಪಟ್ಟಿ ಅಲ್ಲಾಡದೆ ನಿಲ್ಲುತ್ತದೆ. 51 ಆದರೆ ಸೆಕೆಂಡಿಗೊಂದು ಸುತ್ತು ಉರುಳುತ್ತದೆ. ಮೊದಲ ಸಲ ನೋಡಿದಾಗ ನಾನು ಊಟಕ್ಕೂ ಏಳಲಿಲ್ಲ! ಸೆಕೆಂಡಿಗೆ ಎಳೆಯುವ ಗೆರೆಗಳು 15,625. ಆಸಿಲೇಟರ್ ಅಷ್ಟು ಹರ್ಟ್ಸ್‌ಗೆ ಹೋದರೆ ಪಟ್ಟಿ ನೆಟ್ಟಗೆ ಎದ್ದು ನಿಲ್ಲುತ್ತದೆ. ಅಷ್ಟು ಮೇಲೆ ಕೈಯಿಂದ ಹಿಡಿದು ನಿಲ್ಲಿಸುವುದು ಆಗದ ಮಾತು. ಅದಕ್ಕೇ ವಿಡಿಯೊ ಆಸಿಲೇಟರ್‌ಗಳಿಗೆ ಸಿಂಕ್ ಸಿಗ್ನಲ್ ತೆಗೆದುಕೊಳ್ಳುವ ಒಳದಾರಿ ಇರುತ್ತದೆ.

ದುಡ್ಡು ಬಿಚ್ಚುವ ಮೊದಲು ಒಲಿವಿಯಾ ಜ್ಯಾಕ್ ಮಾಡಿದ ಹೈಡ್ರಾ ಅನ್ನುವ ವಿಡಿಯೊ ತಂತ್ರಾಂಶ ನೋಡಿ. ಬ್ರೌಸರ್‌ನಲ್ಲೇ ನಡೆಯುತ್ತದೆ, ಪುಕ್ಕಟೆ. ಒಂದೊಂದು ಸಾಲು ಕೋಡ್ ಬರೆದು ಮಾಡ್ಯೂಲ್ ಜೋಡಿಸಿದ ಹಾಗೇ ಜೋಡಿಸಬಹುದು. ಅದು ಎರಡು ವಾರಕ್ಕೇ ಬೇಜಾರಾದರೆ ನಿಮ್ಮ ದುಡ್ಡು ಉಳಿಯಿತು.

ಇನ್ನೊಂದು, ಅಟ್ಟದ ಮೇಲಿನ ಹಳೇ ಡಬ್ಬ ಟಿವಿಯನ್ನು ಗುಜರಿಗೆ ಹಾಕಬೇಡಿ. ಸಿಂಕ್ ಸ್ವಲ್ಪ ಜಾರಿದರೂ ಎಷ್ಟೋ ಎಲ್‌ಇಡಿ ಟಿವಿಗಳು ನೀಲಿ ಪರದೆ ಹಾಕಿಕೊಂಡು ಕೂರುತ್ತವೆ. ಡಬ್ಬ ಟಿವಿ ಅಷ್ಟು ತಕರಾರು ಮಾಡುವುದಿಲ್ಲ. ಹಳೇ ಹ್ಯಾಂಡಿಕ್ಯಾಮ್‌ನ ಹಳದಿ ವೈರ್ ಅದಕ್ಕೆ ಸಿಕ್ಕಿಸಿ, ಕ್ಯಾಮೆರಾವನ್ನು ಅದೇ ಪರದೆಯ ಕಡೆ ತಿರುಗಿಸಿ, ಸ್ವಲ್ಪ ಓರೆ ಮಾಡಿ. ಚಿತ್ರದೊಳಗೆ ಚಿತ್ರ ಸುರುಳಿ ಸುತ್ತುವುದನ್ನು ಇವತ್ತು ರಾತ್ರಿಯೇ ನೋಡಬಹುದು.