ಸ್ಕ್ವಾಷ್ ಮರ್ಜ್ ಆದ ಮೇಲೆ ಹೊಸ ವರ್ಷನ್ ಬರುತ್ತಿಲ್ಲವೇ?

ಪುಣೆಯ ಹಿಂಜವಡಿಯ ನಿಮ್ಮ ಟೀಮಿನಲ್ಲಿ ಎಲ್ಲರೂ ಕಮಿಟ್‌ಗೆ (ಕೋಡಿನಲ್ಲಿ ಮಾಡಿದ ಬದಲಾವಣೆಯ ದಾಖಲೆಗೆ) ‘ಫಿಕ್ಸ್:’ (ಇಂಗ್ಲಿಷಿನಲ್ಲಿ fix:) ಅಂತ ಬರೆದರೂ, ಕಮಿಟ್ ನೋಡಿ ತಾನಾಗಿ ವರ್ಷನ್ ಬಿಡುವ ಸೆಮ್ಯಾಂಟಿಕ್-ರಿಲೀಸ್ ಟೂಲ್ ಹೊಸ ವರ್ಷನ್ ಬಿಡುತ್ತಿಲ್ಲ ಅಂದಿರಿ. ಗಿಟ್‌ಹಬ್‌ನಲ್ಲಿ ಸ್ಕ್ವಾಷ್ ಮರ್ಜ್ (ಹಲವು ಕಮಿಟ್‌ಗಳನ್ನು ಒಂದೇ ಮಾಡಿ ಸೇರಿಸುವುದು) ಮಾಡುತ್ತೀರಿ ಅಲ್ವಾ? ಬಹುಶಃ ತೊಂದರೆ ಅಲ್ಲೇ ಇದೆ. ಸೆಟ್ಟಿಂಗ್ ಬದಲಿಸದಿದ್ದರೆ, ಹಲವು ಕಮಿಟ್ ಇರುವ ಪುಲ್ ರಿಕ್ವೆಸ್ಟಿನ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಯ) ಟೈಟಲ್ಲೇ ಹೊಸ ಕಮಿಟಿನ ಮೊದಲ ಸಾಲಾಗುತ್ತದೆ. ನಿಮ್ಮ ‘ಫಿಕ್ಸ್:’ ಸಾಲುಗಳು ಕೆಳಗೆ, ನಕ್ಷತ್ರ ಗುರುತಿನ ಪಕ್ಕ ಸೇರಿಕೊಳ್ಳುತ್ತವೆ. ಟೂಲ್ ನೋಡುವುದು ಮೊದಲ ಸಾಲನ್ನು. ಅಲ್ಲಿ ‘ಲಾಗಿನ್ ಕೆಲಸ’ ಅಂತಷ್ಟೇ ಇದ್ದರೆ ಸುಮ್ನೆ ಮುಂದೆ ಹೋಗುತ್ತದೆ.

ಟೈಟಲ್‌ನಲ್ಲೇ ‘ಫಿಕ್ಸ್:’ ಹಾಕಿ. 1.4.2 ಇದ್ದದ್ದು 1.4.3 ಆಗುತ್ತದೆ. ‘ಫೀಟ್:’ (feat:, ಹೊಸ ಸೌಲಭ್ಯ) ಆದರೆ 1.5.0. ‘ಚೋರ್:’ಗೆ (chore:, ಒಳಗಿನ ಸಣ್ಣಪುಟ್ಟ ಕೆಲಸ) ರಿಲೀಸ್ ಇಲ್ಲ.

ಚೇಂಜ್‌ಲಾಗ್‌ಗೆ (ಪ್ರತಿ ವರ್ಷನ್ನಿನಲ್ಲಿ ಏನು ಬದಲಾಯಿತು ಎಂಬ ಪಟ್ಟಿಗೆ) ಹೋಗುವುದೂ ಅದೇ ಸಾಲು. ಪ್ಯಾಕೇಜ್ ಬಳಸುವವರಿಗೆ ಅರ್ಥವಾಗುವಂತೆ ಬರೆಯಿರಿ, ನನಗೆ ಇದೇ ಜಾಸ್ತಿ ಮುಖ್ಯ. ‘ಲಾಗಿನ್ ಸರಿ ಮಾಡಿದೆ’ ಸಾಲದು, ‘ತಪ್ಪು ಪಾಸ್‌ವರ್ಡ್ ಕೊಟ್ಟಾಗ ಆ್ಯಪ್ ನಿಲ್ಲುತ್ತಿದ್ದದ್ದು ಸರಿಯಾಗಿದೆ’ ಅನ್ನಿ.